ವಿಮಾನದಲ್ಲಿ ರೋಗಿಯಿದ್ದಾಗ ನಿಯಂತ್ರಕರ ಕೆಲಸ: ನನ್ನ ಅನುಭವ

ನಿಲ್ದಾಣಕ್ಕೆ ಇಳಿಯಲು ಬರುವ ವಿಮಾನಗಳಿಗೆ ದಾರಿ ತೋರುವ ಬೆಂಗಳೂರಿನ ಅಪ್ರೋಚ್ ವಿಭಾಗದಲ್ಲಿ ವಾಯು ಸಂಚಾರ ನಿಯಂತ್ರಕರಾಗಿ ಕೆಲಸ ಮಾಡುವ ನಮಗೆ, ಮೇಲೆ ಹಾರುತ್ತಿರುವ ವಿಮಾನದಲ್ಲಿ ಯಾರಿಗೋ ಎದೆನೋವು ಬಂದಿದೆ ಎಂಬ ಸುದ್ದಿ ಸಾಮಾನ್ಯವಾಗಿ ಮೊದಲು ಬರುವುದು, ಎತ್ತರದಲ್ಲಿ ಸಾಗುವ ವಿಮಾನಗಳನ್ನು ನೋಡಿಕೊಳ್ಳುವ ಚೆನ್ನೈನ ಏರಿಯಾ ಕಂಟ್ರೋಲ್‌ನಿಂದ, ಹಾಟ್‌ಲೈನ್ ಮೂಲಕ. ಪೈಲಟ್ ‘ಪ್ಯಾನ್ ಪ್ಯಾನ್’ ಎಂದು ಮೂರು ಸಲ ಹೇಳಿದ್ದರೆ ಅದು ತುರ್ತು ಸ್ಥಿತಿ. ‘ಮೇಡೇ’ ಎಂದಿದ್ದರೆ ಅದಕ್ಕಿಂತಲೂ ಗಂಭೀರವಾದ ಅಪಾಯ. ಎರಡನ್ನೂ ಹೇಳದೆ ‘ಮೆಡಿಕಲ್’ ಎಂದಷ್ಟೇ ತಿಳಿಸುವವರೂ ಇದ್ದಾರೆ. ಆಗ ತುರ್ತು ಸ್ಥಿತಿಯನ್ನು ಘೋಷಿಸುತ್ತಿದ್ದೀರಾ ಎಂದು ನಾನು ನೇರವಾಗಿ ಕೇಳುತ್ತೇನೆ. ಬೇರೆ ವಿಮಾನಗಳನ್ನು ಬದಿಗೆ ಸರಿಸಿ ಅವರಿಗೆ ದಾರಿ ಮಾಡಿಕೊಡಬೇಕಾದರೆ ಈ ಸ್ಪಷ್ಟತೆ ಅಗತ್ಯ.

ಒಂದು ಸಂಜೆ ಕೊಲ್ಲಿ ದೇಶದಿಂದ ಚೆನ್ನೈಗೆ ಹೊರಟಿದ್ದ ವಿಮಾನವೊಂದರಲ್ಲಿ ಪ್ರಯಾಣಿಕರೊಬ್ಬರು ಪ್ರಜ್ಞೆ ತಪ್ಪಿದ್ದರು. ಎಲ್ಲಿ ಇಳಿಯಬೇಕೆಂಬ ತೀರ್ಮಾನ ಪೈಲಟ್‌ನದು, ನಮ್ಮದಲ್ಲ. ಅವರು ಬೆಂಗಳೂರನ್ನು ಆರಿಸಿಕೊಂಡಿದ್ದರು. ವಿಮಾನದಲ್ಲಿರುವವರ ಸಂಖ್ಯೆ, ಉಳಿದಿರುವ ಇಂಧನ, ರೋಗಿಯ ವಯಸ್ಸು, ಸ್ಥಿತಿ ಎಲ್ಲವನ್ನೂ ಚೆನ್ನೈನವರು ಆಗಲೇ ಕೇಳಿ ನಮಗೆ ದಾಟಿಸಿದ್ದರಿಂದ ನಾನು ಅವನ್ನು ಮತ್ತೆ ಕೇಳಲಿಲ್ಲ. ಇಳಿಯುವ ಯೋಚನೆಯೇ ಇಲ್ಲದಿದ್ದ ನಿಲ್ದಾಣದ ನಕ್ಷೆಗಳನ್ನು ತೆಗೆದು, ವಿಮಾನದ ತೂಕವನ್ನು ಲೆಕ್ಕ ಹಾಕಿ, ನಡುನಡುವೆ ಕ್ಯಾಬಿನ್ ಸಿಬ್ಬಂದಿಯ ಮಾತನ್ನೂ ಕೇಳುತ್ತಿರುವ ಇಬ್ಬರು ಪೈಲಟ್‌ಗಳಿಗೆ ಪ್ರತಿಯೊಂದು ಪ್ರಶ್ನೆಯೂ ಹೊರೆಯೇ.

ಅಂದು ಪಶ್ಚಿಮದ ಗಾಳಿ ಇದ್ದುದರಿಂದ 27ನೇ ದಿಕ್ಕಿನ, ಅಂದರೆ ಪಶ್ಚಿಮಕ್ಕೆ ಮುಖಮಾಡಿ ಇಳಿಯುವ ರನ್‌ವೇ ಬಳಕೆಯಲ್ಲಿತ್ತು. ಪಶ್ಚಿಮದಿಂದಲೇ ಬರುತ್ತಿದ್ದ ಈ ವಿಮಾನ ಅದರ ಮೇಲೆ ಇಳಿಯಬೇಕಾದರೆ ನಿಲ್ದಾಣವನ್ನು ದಾಟಿ, ಪೂರ್ವಕ್ಕೆ ಹೋಗಿ, ತಿರುಗಿ ಬರಬೇಕಿತ್ತು. ಗಾಳಿ ದುರ್ಬಲವಾಗಿದ್ದರಿಂದ, ಹಿಂಗಾಳಿ ಎಷ್ಟಿದೆಯೆಂದು ತಿಳಿಸಿ, ನೇರವಾಗಿ ಪೂರ್ವಾಭಿಮುಖವಾದ 09ರ ಮೇಲೆ ಇಳಿಯುವಿರಾ ಎಂದು ಕೇಳಿದೆ. ಅವರು ಒಪ್ಪಿದ ಕೂಡಲೇ, ರನ್‌ವೇಯನ್ನು ನೋಡಿಕೊಳ್ಳುವ ಟವರ್‌ನವರು ಎದುರು ದಿಕ್ಕಿನ ಟೇಕಾಫ್‌ಗಳನ್ನು ತಡೆದರು. ಇಳಿಯಲು ಬರುತ್ತಿದ್ದ ಬೇರೆ ವಿಮಾನಗಳನ್ನು ನಾನು ಸುತ್ತುಹಾಕಲು ಬಿಟ್ಟೆ.

ಹತ್ತು ಸಾವಿರ ಅಡಿಗಿಂತ ಕೆಳಗಿನ 250 ನಾಟ್ ವೇಗಮಿತಿಯನ್ನೂ ಸಡಿಲಿಸಿದೆ. ಆದರೆ ಅದರಿಂದ ಉಳಿಯುವ ಸಮಯ ಬಹಳ ಕಡಿಮೆ, ಏಕೆಂದರೆ ಇಳಿಯುವ ಮುನ್ನ ವೇಗವನ್ನು ತಗ್ಗಿಸಲೇಬೇಕು. ಆಕಾಶದಲ್ಲಿ ಗಳಿಸಿದ ನಿಮಿಷಗಳು ಕಳೆದುಹೋಗುವುದು ನೆಲದ ಮೇಲೆ: ದೂರದ ಸ್ಟ್ಯಾಂಡ್ (ವಿಮಾನ ನಿಲ್ಲಿಸುವ ಜಾಗ), ಇನ್ನೂ ಬಾರದ ಏಣಿ, ತಪ್ಪು ಬದಿಯಲ್ಲಿ ನಿಂತ ಆಂಬುಲೆನ್ಸ್. ಆದ್ದರಿಂದ ನಾನು ಪೈಲಟ್‌ಗೆ ರೋಗಿಯ ಬಗ್ಗೆ ಹೆಚ್ಚುವರಿಯಾಗಿ ಕೇಳಿದ್ದು ಒಂದೇ ಪ್ರಶ್ನೆ, ರೋಗಿ ಮುಂಬಾಗಿಲಿನ ಹತ್ತಿರ ಇದ್ದಾರೆಯೋ ಹಿಂಬಾಗಿಲಿನ ಹತ್ತಿರವೋ ಎಂದು. ಹಿಂದೆ, ಕೊನೆಯ ಸಾಲುಗಳ ನಡುವೆ ಮಲಗಿಸಿದ್ದೇವೆ ಎಂಬ ಉತ್ತರ ಬಂತು. ವಿಮಾನ ಇನ್ನೂ ಸುಮಾರು ಅರವತ್ತು ನಾಟಿಕಲ್ ಮೈಲಿ ದೂರದಲ್ಲಿರುವಾಗಲೇ ಅದನ್ನು ಟವರ್‌ಗೆ ಮತ್ತು ನಿಲ್ದಾಣದ ಕಾರ್ಯಾಚರಣೆ ಕೇಂದ್ರಕ್ಕೆ ತಿಳಿಸಿ, ರನ್‌ವೇಯಿಂದ ಹೊರಬಂದೊಡನೆ ಸಿಗುವ ಸ್ಟ್ಯಾಂಡನ್ನೇ ಕೊಡುವಂತೆ ಕೋರಿದೆ. ವೈದ್ಯರು, ಸ್ಟ್ರೆಚರ್, ಏಣಿ ಎಲ್ಲವೂ ಹಿಂಬಾಗಿಲು ತೆರೆಯುವ ಜಾಗದಲ್ಲೇ ಕಾದಿದ್ದವು.

ಇಂಥ ಸಂದರ್ಭಗಳಲ್ಲಿ ವಿಮಾನ ಇಳಿದ ಸಮಯದ ಜೊತೆಗೆ ಅದರ ಬಾಗಿಲು ತೆರೆದ ಸಮಯವನ್ನೂ ಕೇಳಿ ಲಾಗ್ ಪುಸ್ತಕದಲ್ಲಿ ಬರೆಯುತ್ತೇನೆ. ನಡುವಿನ ನಿಮಿಷಗಳು ಎಲ್ಲಿ ಹೋದವೆಂಬುದು ಮುಂದಿನ ಪಾಳಿಯವರಿಗೂ ತಿಳಿದಿರಬೇಕು.