ಮಾತ್ರೆ ಪಡೆಯುವ ದಿನವೇ ಗರ್ಭಕಂಠದ ತಪಾಸಣೆ

ಎಚ್‌ಐವಿಯೊಂದಿಗೆ ಬದುಕುತ್ತಿರುವ ಮಹಿಳೆಯರಿಗೆ ಚಿಕಿತ್ಸೆ ನೀಡಲಾರಂಭಿಸಿದ ಮೊದಲ ವರ್ಷಗಳಲ್ಲಿ ನಾನು ಗಮನಿಸುತ್ತಿದ್ದದ್ದು ಸಿಡಿ4 ಎಣಿಕೆ (ರೋಗನಿರೋಧಕ ಕಣಗಳ ಸಂಖ್ಯೆ) ಮತ್ತು ವೈರಲ್ ಲೋಡ್ (ರಕ್ತದಲ್ಲಿನ ವೈರಾಣುವಿನ ಪ್ರಮಾಣ) ಮಾತ್ರ. ರಕ್ತದಲ್ಲಿ ವೈರಾಣು ಪತ್ತೆಯಾಗದಿದ್ದರೆ ಎಲ್ಲವೂ ಸರಿಯಿದೆ ಎಂದು ಹೇಳಿ ಕಳುಹಿಸುತ್ತಿದ್ದೆ. ಹಾಗೆ ಕಳುಹಿಸಿದ್ದವರಲ್ಲಿ ಒಬ್ಬರು, ಸಂಭೋಗದ ನಂತರ ರಕ್ತಸ್ರಾವವಾಗುತ್ತಿದೆ ಎಂದು ಮರಳಿ ಬಂದಾಗ ಗರ್ಭಕಂಠದ ಕ್ಯಾನ್ಸರ್ ಆಗಲೇ ಬೆಳೆದಿತ್ತು. ಈ ಮಹಿಳೆಯರಲ್ಲಿ ಆ ಕ್ಯಾನ್ಸರಿನ ಅಪಾಯ ಇತರರಿಗಿಂತ ಸುಮಾರು 6 ಪಟ್ಟು ಹೆಚ್ಚು. ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆಗಳ ಚಿಕಿತ್ಸೆಯಾದ ಎಆರ್‌ಟಿ ಅದನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿಯಾಗಿ ನಿವಾರಿಸುವುದಿಲ್ಲ. ಇದನ್ನು ಓದಿ ತಿಳಿದಿದ್ದೂ ನಾನು ಕೇಳಬೇಕಾದುದನ್ನು ಕೇಳಿರಲಿಲ್ಲ.

ಮೊದಲು ಸ್ತ್ರೀರೋಗ ವಿಭಾಗಕ್ಕೆ ಚೀಟಿ ಬರೆದು ಕೊಡತೊಡಗಿದೆ. ಅಲ್ಲಿ ಹೊಸಬರೆದುರು ತಮ್ಮ ಸ್ಥಿತಿಯನ್ನು ಮತ್ತೊಮ್ಮೆ ಹೇಳಿಕೊಳ್ಳಬೇಕಾಗುತ್ತದೆಂಬ ಸಂಕೋಚದಿಂದ ಹಲವರು ಹೋಗಲೇ ಇಲ್ಲ. ಆದ್ದರಿಂದ ಮಾತ್ರೆ ಪಡೆಯಲು ಬರುವ ದಿನವೇ, ನಮ್ಮಲ್ಲೇ, 25 ವರ್ಷ ದಾಟಿದವರಿಗೆ, ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗಬಲ್ಲ ವೈರಾಣುವಾದ ಎಚ್‌ಪಿವಿಯ ಪರೀಕ್ಷೆ ಮಾಡಲಾರಂಭಿಸಿದೆವು. ಮಾದರಿಯನ್ನು ಮಹಿಳೆಯೇ ತೆಗೆದುಕೊಳ್ಳಬಹುದೆಂದು ತಿಳಿಸಿದಾಗ, ಒಳಪರೀಕ್ಷೆಗೆ ಹೆದರುತ್ತಿದ್ದವರೂ ಒಪ್ಪಿದರು.

ನಾನು ಹೆಚ್ಚು ಕಲಿಯಬೇಕಾಗಿ ಬಂದದ್ದು ಫಲಿತಾಂಶವನ್ನು ಹೇಳುವ ರೀತಿಯನ್ನು. 'ಪಾಸಿಟಿವ್' ಎಂಬ ಮಾತು ಕಿವಿಗೆ ಬಿದ್ದೊಡನೆ, ಮೊದಲ ಬಾರಿ ಆ ಮಾತು ಕೇಳಿದ ದಿನವೇ ಅವರಿಗೆ ಮರಳಿ ಬರುತ್ತಿತ್ತು; ಮುಂದೆ ನಾನು ಹೇಳಿದ್ದೇನೂ ಮನಸ್ಸಿಗೆ ಇಳಿಯುತ್ತಿರಲಿಲ್ಲ. ಈಗ ಆ ಪದವನ್ನು ಬಿಟ್ಟು, ಲೈಂಗಿಕ ಬದುಕಿರುವ ಬಹುತೇಕರಿಗೆ ಒಮ್ಮೆಯಾದರೂ ತಗಲುವ ವೈರಾಣುವೊಂದು ಸಿಕ್ಕಿದೆ, ಇದು ಕ್ಯಾನ್ಸರ್ ಅಲ್ಲ, ಗರ್ಭಕಂಠವನ್ನು ಕಣ್ಣಾರೆ ನೋಡಬೇಕಿದೆ ಎನ್ನುತ್ತೇನೆ. ಸೋಂಕು ವರ್ಷಗಳ ಹಿಂದಿನದೂ ಆಗಿರಬಹುದಾದ್ದರಿಂದ ಸಂಗಾತಿಯನ್ನು ಶಂಕಿಸಲು ಇದು ಆಧಾರವಲ್ಲವೆಂದು, ಅವರು ಕೇಳದಿದ್ದರೂ ಹೇಳುತ್ತೇನೆ.

ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದಾಗ ಬಿಳಿಯಾಗುವ ಭಾಗ, ಅಂದರೆ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಇರಬಹುದಾದ ಜಾಗ, ಪೂರ್ತಿಯಾಗಿ ಕಾಣುತ್ತಿದ್ದು, ಗರ್ಭಕಂಠದ ಕಾಲುವೆಯೊಳಕ್ಕೆ ಹಬ್ಬಿರದಿದ್ದರೆ, ಕ್ಯಾನ್ಸರಿನ ಶಂಕೆಯೂ ಇಲ್ಲದಿದ್ದರೆ, ಆ ಭಾಗವನ್ನು ಬಿಸಿಯಿಂದ ನಾಶಮಾಡುವ ಶಾಖ ಚಿಕಿತ್ಸೆಯನ್ನು ಅಂದೇ ಮುಗಿಸುತ್ತೇವೆ. ಉಳಿದವರನ್ನು ತಜ್ಞರ ಬಳಿಗೆ ಕಳುಹಿಸುವಾಗ ನಮ್ಮ ನರ್ಸ್ ಜೊತೆಗೆ ಹೋಗುತ್ತಾರೆ. ಶಾಖ ಚಿಕಿತ್ಸೆಯಾದವರಿಗೆ, ಗಾಯ ಮಾಯುವವರೆಗೆ, ಸುಮಾರು 4 ವಾರ, ಸಂಭೋಗ ಬೇಡವೆಂದು ತಿಳಿಸುತ್ತೇವೆ.

ಎಚ್‌ಐವಿ ಇರುವ ಮಹಿಳೆಯರಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಮರುಕಳಿಸುವುದು ಹೆಚ್ಚಾದ್ದರಿಂದ ಚಿಕಿತ್ಸೆಯಾದ 12 ತಿಂಗಳ ನಂತರದ ಪರೀಕ್ಷೆಯನ್ನು ತಪ್ಪಿಸುವಂತಿಲ್ಲ. ಆ ದಿನಾಂಕವನ್ನು ಬೇರೆ ಚೀಟಿಯಲ್ಲಿ ಬರೆಯದೆ ಎಆರ್‌ಟಿ ಪುಸ್ತಕದ ಮೊದಲ ಪುಟದಲ್ಲೇ ಬರೆಯುತ್ತೇವೆ. ಪ್ರತಿ ಬಾರಿ ಮಾತ್ರೆ ಕೊಡುವವರು ಅದನ್ನು ಓದಿ ನೆನಪಿಸುತ್ತಾರೆ.