ಒಡೆದ ಪೈಪು, ವಾಪಸ್ ಹೋದ ಮಾಲು: ಖರೀದಿ ಬಿಲ್ ಅಡ್ಜಸ್ಟ್ ಮಾಡುವುದು ಹೇಗೆ?

ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಬಂದ ಲಾರಿ ಕಾರವಾರದ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ 80 ಪಿವಿಸಿ ಪೈಪು ಇಳಿಸಿತು ಅಂದುಕೊಳ್ಳಿ. ಒಂದಕ್ಕೆ 500 ರೂಪಾಯಿ. ಮಾಲಿನ ಬೆಲೆ 40,000, ಶೇ 18 ಜಿಎಸ್‌ಟಿ 7,200, ಒಟ್ಟು ಬಿಲ್ 47,200. ಎಣಿಸುವಾಗ ನೋಡಿದರೆ 6 ಪೈಪು ಸೀಳಿವೆ. ಪಾರ್ಟಿಗೆ, ಅಂದರೆ ಮಾಲು ಕಳಿಸಿದವರಿಗೆ, ಫೋನ್ ಮಾಡಿದರೆ ‘ವಾಪಸ್ ಕಳಿಸಿ, ಬಿಲ್ಲಲ್ಲಿ ಕಡಿಮೆ ಮಾಡ್ಕೊಳ್ಳಿ’ ಅನ್ನುತ್ತಾರೆ. ಅವರಿಗೆ ಮೊದಲೇ 10,000 ಅಡ್ವಾನ್ಸ್ ಬೇರೆ ಹೋಗಿದೆ.

ಹಾಗಾದರೆ ಇನ್ನು ಕೊಡಬೇಕಾದ್ದು ಎಷ್ಟು? ಕ್ಯಾಲ್ಕ್ಯುಲೇಟರ್ ಹಿಡಿದವರು ಒಂದು ನಿಮಿಷದಲ್ಲಿ ಹೇಳುತ್ತಾರೆ: 33,660. ಕಷ್ಟ ಇರುವುದು ಅಲ್ಲಿ ಅಲ್ಲ. ಅದೇ 33,660 ಕಂಪ್ಯೂಟರಿನಲ್ಲೂ ಅದೇ ಬಿಲ್ಲಿನ ಎದುರಿಗೆ ಕಾಣಬೇಕು. ಎಷ್ಟೋ ಅಂಗಡಿಗಳಲ್ಲಿ ಪಾರ್ಟಿಯ ಒಟ್ಟು ಬಾಕಿ ಸರಿ ಇರುತ್ತದೆ, ಯಾವ ಬಿಲ್ಲಿಗೆ ಎಷ್ಟು ಬಾಕಿ ಅನ್ನುವುದು ಮಾತ್ರ ಕಲಸಿಹೋಗಿರುತ್ತದೆ. ನಮ್ಮ ಕಡೆ ಹೆಚ್ಚಿನ ಅಂಗಡಿಗಳಲ್ಲಿ ಟ್ಯಾಲಿ ಪ್ರೈಮ್ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಇರುವುದರಿಂದ ಅದರಲ್ಲೇ ಹೇಳುತ್ತೇನೆ.

ಮೊದಲು ನೋಡಿ: ತಪ್ಪು ಎಲ್ಲಿದೆ?

ಕೈಯಲ್ಲಿರುವ ಕಾಗದದ ಬಿಲ್ಲಿಗೂ ನಿಮ್ಮ ಎಂಟ್ರಿಗೂ ಹೊಂದುತ್ತಿಲ್ಲವಾ? ಹಾಗಿದ್ದರೆ ತಪ್ಪು ನಿಮ್ಮ ಎಂಟ್ರಿಯದ್ದು. ಅದನ್ನು ತೆರೆದು ತಿದ್ದಿ. ಬಿಲ್ ಬಂದ ಹಾಗೇ ಎಂಟ್ರಿ ಆಗಿದೆ, ಆಮೇಲೆ ಮಾಲು ವಾಪಸ್ ಹೋಯಿತು ಅಥವಾ ರೇಟು ಕಡಿಮೆ ಆಯಿತು ಅಂತಾದರೆ ಹಳೆಯ ಎಂಟ್ರಿಯನ್ನು ಮುಟ್ಟಲೇಬೇಡಿ. 80 ಪೈಪಿನ ಬಿಲ್ಲನ್ನು 74 ಪೈಪಿಗೆ ಇಳಿಸಿಬಿಟ್ಟರೆ ಪಾರ್ಟಿ ಜಿಎಸ್‌ಟಿ ಪೋರ್ಟಲಿಗೆ ಹಾಕಿದ 47,200ಕ್ಕೂ ನಿಮ್ಮ ಲೆಕ್ಕಕ್ಕೂ ತಾಳೆ ಬೀಳುವುದಿಲ್ಲ. ಕಡಿಮೆಯಾದ ಮೊತ್ತಕ್ಕೆ ಬೇರೆಯೇ ಒಂದು ವೋಚರ್ (ಟ್ಯಾಲಿಯಲ್ಲಿ ಹಾಕುವ ಎಂಟ್ರಿ) ಬೇಕು.

ಡಿಲೀಟ್ ಮಾಡುವುದಂತೂ ಬೇಡವೇ ಬೇಡ. ಆ ಬಿಲ್ಲಿನ ಮೇಲೆ ಆಗಲೇ ಪೇಮೆಂಟ್ ಆಗಿದ್ದರೆ, ಬಿಲ್ ಹೋಗಿ ಪೇಮೆಂಟ್ ಮಾತ್ರ ಉಳಿದು, ಬಾಕಿ ಪಟ್ಟಿಯಲ್ಲಿ ಪಾರ್ಟಿಯೇ ನಿಮಗೆ ಕೊಡಬೇಕು ಅಂತ ತೋರಿಸುತ್ತದೆ. ಲಿಮಿಟೆಡ್ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಪ್ರತಿ ಬದಲಾವಣೆಯ ದಾಖಲೆ ಉಳಿಸುವ ಸಾಫ್ಟ್‌ವೇರ್ ಕಡ್ಡಾಯ. ಸ್ವಂತ ಅಂಗಡಿಗೆ ಆ ನಿಯಮ ಇಲ್ಲ. ಆದರೂ ಟ್ಯಾಲಿಯ ಎಡಿಟ್ ಲಾಗ್ ಆನ್ ಮಾಡಿಟ್ಟುಕೊಳ್ಳಿ. ಯಾರು ಯಾವಾಗ ಏನು ಬದಲಿಸಿದರು ಅನ್ನುವುದು ಗೊತ್ತಾಗುತ್ತದೆ, ಅಂಗಡಿಯಲ್ಲಿ ಕೆಲಸ ಮಾಡುವವರ ಮೇಲೆ ಸುಮ್ನೆ ಅನುಮಾನ ಬರುವುದಿಲ್ಲ.

ಗೋವಾ ಬಿಲ್ಲಿನ ಕಥೆ

ಎಂಟ್ರಿ ತಪ್ಪಿಗೆ ಕಾರವಾರದ್ದೇ ಉದಾಹರಣೆ ಇದೆ. ಮಾಜಾಳಿ ದಾಟಿದರೆ ಗೋವಾ. ಕಾಣಕೋಣ, ಮಡಗಾಂವ್‌ನಿಂದ ಟೈಲ್ಸ್, ಪೇಂಟು ತರಿಸುವವರು ಬಹಳ ಜನ. ಹುಬ್ಬಳ್ಳಿ ಬಿಲ್ಲಿನಲ್ಲಿ ಸಿಜಿಎಸ್‌ಟಿ (ಕೇಂದ್ರದ ಪಾಲು) ಶೇ 9, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಶೇ 9 ಇದ್ದರೆ ಮಡಗಾಂವ್ ಬಿಲ್ಲಿನಲ್ಲಿ ಐಜಿಎಸ್‌ಟಿ (ಹೊರರಾಜ್ಯದ ಖರೀದಿಯ ತೆರಿಗೆ) ಶೇ 18 ಇರುತ್ತದೆ. ಹೊಸ ಪಾರ್ಟಿಯ ಲೆಡ್ಜರ್ (ಖಾತೆ) ಮಾಡುವ ಗಡಿಬಿಡಿಯಲ್ಲಿ ರಾಜ್ಯದ ಜಾಗದಲ್ಲಿ ಕರ್ನಾಟಕವೇ ಉಳಿದುಬಿಟ್ಟರೆ, ಟ್ಯಾಲಿ ಅದನ್ನು ಒಳರಾಜ್ಯದ ಖರೀದಿ ಅಂತಲೇ ತಿಳಿಯುತ್ತದೆ. ಒಟ್ಟು ಮೊತ್ತ ಒಂದೇ ಆಗಿರುವುದರಿಂದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಗುರುತಿಸುವುದು ಸುಲಭ. ಪಾರ್ಟಿಯ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿ. ಕರ್ನಾಟಕಕ್ಕೆ 29, ಗೋವಾಕ್ಕೆ 30. ತಿದ್ದುವಾಗ ಮೊದಲು ಲೆಡ್ಜರಿನಲ್ಲಿ ರಾಜ್ಯ ಸರಿಮಾಡಿ, ಆಮೇಲೆ ಖರೀದಿ ಎಂಟ್ರಿ ತೆರೆದು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಸಾಲು ತೆಗೆದು ಐಜಿಎಸ್‌ಟಿ ಹಾಕಿ, ಕಂಟ್ರೋಲ್+ಎ ಒತ್ತಿ ಸೇವ್ ಮಾಡಿ. ಶುರು ಮಾಡುವ ಮೊದಲು ಆಲ್ಟ್+ವೈ ಒತ್ತಿ ಬ್ಯಾಕಪ್ ತೆಗೆದುಕೊಳ್ಳಿ. ಆ ತಿಂಗಳ ರಿಟರ್ನ್ ಆಗಲೇ ಹೋಗಿದ್ದರೆ ನಿಮ್ಮ ಸಿಎಗೆ ಹೇಳಿಯೇ ಮುಂದುವರಿಯಿರಿ.

ಸೀಳಿದ ಪೈಪಿಗೆ ಡೆಬಿಟ್ ನೋಟ್

ಈಗ ನಮ್ಮ 6 ಪೈಪಿಗೆ ಬರೋಣ. ಅದಕ್ಕೂ ಮೊದಲು ಎರಡು ಸಂಗತಿ ಪರೀಕ್ಷಿಸಿ. ಎಫ್11ರಲ್ಲಿ ಬಿಲ್-ವೈಸ್ ಎಂಟ್ರಿ (ಪ್ರತಿ ಬಿಲ್ಲಿನ ಬಾಕಿ ಬೇರೆ ಬೇರೆ ಇಡುವುದು) ‘ಯೆಸ್’ ಇರಬೇಕು. ಪಾರ್ಟಿ ಲೆಡ್ಜರಿನಲ್ಲಿ ‘ಮೇಂಟೇನ್ ಬ್ಯಾಲೆನ್ಸಸ್ ಬಿಲ್-ಬೈ-ಬಿಲ್’ ಕೂಡ ‘ಯೆಸ್’ ಇರಬೇಕು. ಎಫ್9ರಲ್ಲಿ ಖರೀದಿ ಹಾಕುವಾಗ ‘ನ್ಯೂ ರೆಫ್’ ಅಂತ ಬರುವ ಕಡೆ ಪಾರ್ಟಿಯ ಬಿಲ್ ನಂಬರನ್ನೇ ಬರೆಯಿರಿ. ಟ್ಯಾಲಿಯ ವೋಚರ್ ನಂಬರ್ ಇಟ್ಟರೆ ಆರು ತಿಂಗಳ ನಂತರ ಫೋನಿನಲ್ಲಿ ಮಾತಾಡುವಾಗ ಅವರ ನಂಬರ್ ನಿಮಗೆ ಸಿಗುವುದಿಲ್ಲ, ನಿಮ್ಮದು ಅವರಿಗೆ ಅರ್ಥ ಆಗುವುದಿಲ್ಲ.

ವೋಚರ್ ಪರದೆಯಲ್ಲಿ ಆಲ್ಟ್+ಎಫ್5 ಒತ್ತಿ. ಡೆಬಿಟ್ ನೋಟ್, ಅಂದರೆ ಪಾರ್ಟಿಗೆ ಕೊಡಬೇಕಾದ್ದನ್ನು ಇಳಿಸುವ ವೋಚರ್, ತೆರೆಯುತ್ತದೆ. ಪಾರ್ಟಿ ಹೆಸರು, ಮೂಲ ಬಿಲ್ಲಿನ ನಂಬರ್, ತಾರೀಖು ಕೊಡಿ. ಐಟಂ ಜಾಗದಲ್ಲಿ ಪೈಪು, 6, ರೇಟು 500. ಮಾಲು 3,000, ಸಿಜಿಎಸ್‌ಟಿ 270, ಎಸ್‌ಜಿಎಸ್‌ಟಿ 270, ಒಟ್ಟು 3,540. ಎಷ್ಟೋ ಜನ 3,000 ಮಾತ್ರ ಕಡಿಮೆ ಮಾಡಿ ಬಿಡುತ್ತಾರೆ. ಹಾಗೆ ಮಾಡಿದರೆ ವಾಪಸ್ ಹೋದ ಮಾಲಿನ ತೆರಿಗೆ 540 ನಿಮ್ಮ ಇನ್‌ಪುಟ್ ಕ್ರೆಡಿಟ್‌ನಲ್ಲೇ (ಖರೀದಿಗೆ ಕೊಟ್ಟ ಜಿಎಸ್‌ಟಿ, ನೀವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವಂಥದ್ದು) ಉಳಿಯುತ್ತದೆ, ಪಾರ್ಟಿಗೂ 540 ಜಾಸ್ತಿ ಹೋಗುತ್ತದೆ.

ಸೇವ್ ಆಗುವ ಮೊದಲು ಬಿಲ್-ವೈಸ್ ಡೀಟೇಲ್ಸ್ ಅನ್ನುವ ಚಿಕ್ಕ ಪರದೆ ಬರುತ್ತದೆ. ಇಡೀ ಕೆಲಸದ ಜೀವ ಇರುವುದು ಇಲ್ಲಿ. ಅಲ್ಲಿ ನಾಲ್ಕು ಆಯ್ಕೆ: ನ್ಯೂ ರೆಫ್, ಅಗೇನ್ಸ್ಟ್ ರೆಫ್, ಅಡ್ವಾನ್ಸ್, ಆನ್ ಅಕೌಂಟ್. ನೀವು ‘ಅಗೇನ್ಸ್ಟ್ ರೆಫ್’ ಆರಿಸಿ. ಬಾಕಿ ಬಿಲ್ಲುಗಳ ಪಟ್ಟಿ ಬರುತ್ತದೆ. ಅದರಲ್ಲಿ 47,200ರ ಬಿಲ್ ಹಿಡಿಯಿರಿ. ಅಷ್ಟೇ, ಅಡ್ವಾನ್ಸ್ ಇನ್ನೂ ಜೋಡಿಸಿಲ್ಲದಿದ್ದರೆ ಬಾಕಿ 43,660ಕ್ಕೆ ಇಳಿಯುತ್ತದೆ. ಗಡಿಬಿಡಿಯಲ್ಲಿ ಎಂಟರ್ ಒತ್ತುತ್ತಾ ‘ಆನ್ ಅಕೌಂಟ್’ ಆಗಿಬಿಟ್ಟರೆ ಆ 3,540 ಯಾವ ಬಿಲ್ಲಿಗೂ ಸೇರದೆ ಒಂಟಿಯಾಗಿ ಕೂರುತ್ತದೆ. ಹಾಗಾಗಿದ್ದರೆ ಪಾರ್ಟಿ ಲೆಡ್ಜರಿಗೆ ಹೋಗಿ, ಆ ವೋಚರ್ ತೆರೆದು, ಅದೇ ಚಿಕ್ಕ ಪರದೆಯಲ್ಲಿ ‘ಅಗೇನ್ಸ್ಟ್ ರೆಫ್’ಗೆ ಬದಲಿಸಿ. ಮೊತ್ತ ಮುಟ್ಟುವ ಅಗತ್ಯ ಇಲ್ಲ.

ನೀವು ಮಾಡಿದ ಡೆಬಿಟ್ ನೋಟ್ ನಿಮ್ಮ ಲೆಕ್ಕಕ್ಕೆ. ಜಿಎಸ್‌ಟಿ ಕಾನೂನಿನ ಪ್ರಕಾರ ತೆರಿಗೆ ಇಳಿಸುವ ಕಾಗದ ಪಾರ್ಟಿ ಕೊಡುವ ಕ್ರೆಡಿಟ್ ನೋಟ್. ಅದನ್ನು ಕೇಳಿ ತರಿಸಿಕೊಳ್ಳಿ. ಪಾರ್ಟಿಗಳು ಹಾಕಿದ ಬಿಲ್, ನೋಟುಗಳನ್ನು ತೋರಿಸುವ, ಪೋರ್ಟಲಿನಲ್ಲಿ ಪ್ರತಿ ತಿಂಗಳು 14ಕ್ಕೆ ತಯಾರಾಗುವ ಜಿಎಸ್‌ಟಿಆರ್-2ಬಿಯಲ್ಲಿ ಅದು ಬಂದಿದೆಯಾ ನೋಡಿ. 2024ರ ಅಕ್ಟೋಬರ್‌ನಿಂದ ಪೋರ್ಟಲಿನಲ್ಲಿ ಇಂಥ ಕಾಗದಗಳನ್ನು ಒಪ್ಪುವ, ತಿರಸ್ಕರಿಸುವ ವ್ಯವಸ್ಥೆ ಇದೆ. ಏನೂ ಮಾಡದೆ ಬಿಟ್ಟರೆ ಒಪ್ಪಿದ ಹಾಗೆ. ಅದಕ್ಕೇ ಮೊತ್ತ 3,540 ಇದೆಯೇ ಅಂತ ಮೊದಲೇ ನೋಡುವುದು ಒಳ್ಳೆಯದು. ಈ ಕ್ರೆಡಿಟ್ ನೋಟಿಗೆ ಗಡುವೂ ಇದೆ: 2025-26ರ ಬಿಲ್ಲಾದರೆ 2026ರ ನವೆಂಬರ್ 30, ಅಥವಾ ಪಾರ್ಟಿ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು.

ಅಡ್ವಾನ್ಸ್ ಕೊಟ್ಟಿದ್ದರೆ

10,000 ಕೊಟ್ಟ ದಿನ ಎಫ್5 ಪೇಮೆಂಟ್‌ನಲ್ಲಿ ‘ಅಡ್ವಾನ್ಸ್’ ಅಂತ ಹಾಕಿ ಅದಕ್ಕೊಂದು ಹೆಸರು ಕೊಟ್ಟಿರಬೇಕು. ಬಿಲ್ ಎಂಟ್ರಿ ಮಾಡುವಾಗ ಚಿಕ್ಕ ಪರದೆಯ ಮೊದಲ ಸಾಲಿನಲ್ಲಿ ‘ಅಗೇನ್ಸ್ಟ್ ರೆಫ್’ ಹಾಕಿ ಆ ಅಡ್ವಾನ್ಸ್ 10,000 ಹಿಡಿಯಿರಿ, ಎರಡನೇ ಸಾಲಿನಲ್ಲಿ ‘ನ್ಯೂ ರೆಫ್’ ಹಾಕಿ ಉಳಿದ 37,200. ಮರೆತುಹೋಗಿದ್ದರೂ ಚಿಂತೆ ಇಲ್ಲ. ಎಫ್7 ಜರ್ನಲ್ ತೆರೆದು ಅದೇ ಪಾರ್ಟಿಯನ್ನು 10,000ಕ್ಕೆ ಡೆಬಿಟ್ ಮಾಡಿ ಬಿಲ್ಲಿಗೆ ಜೋಡಿಸಿ, ಅದೇ ಪಾರ್ಟಿಯನ್ನು 10,000ಕ್ಕೆ ಕ್ರೆಡಿಟ್ ಮಾಡಿ ಅಡ್ವಾನ್ಸಿಗೆ ಜೋಡಿಸಿ. ಎರಡೂ ಕಡೆ ಒಂದೇ ಹೆಸರು ನೋಡಿ ಗಾಬರಿ ಬೇಡ. ಖಾತೆಯ ಒಟ್ಟು ಬಾಕಿ ಬದಲಾಗುವುದಿಲ್ಲ, ಬಿಲ್ಲು ಮತ್ತು ಅಡ್ವಾನ್ಸ್ ಮಾತ್ರ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಇಷ್ಟೆಲ್ಲಾ ಯಾಕೆ ಅಂದರೆ, ಬಿಲ್ ತಾರೀಖಿನಿಂದ 180 ದಿನದೊಳಗೆ ಪಾರ್ಟಿಗೆ ದುಡ್ಡು ಹೋಗದಿದ್ದರೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ದುಡ್ಡು ಕೊಟ್ಟಿದ್ದೂ ಬಿಲ್ಲಿಗೆ ಜೋಡಿಸದೆ ಬಿಟ್ಟರೆ, ಲೆಕ್ಕ ನೋಡುವವರಿಗೆ ಆ ಬಿಲ್ ಬಾಕಿಯಾಗಿಯೇ ಕಾಣುತ್ತದೆ. ಮಾಲು ತಯಾರಿಸುವ ಸಣ್ಣ ಉದ್ಯಮಗಳಿಂದ ತಂದಿದ್ದರೆ ಇನ್ನೂ ಜಾಗ್ರತೆ ಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನ. ಅದು ಮೀರಿದರೆ ಕೊಟ್ಟ ವರ್ಷದಲ್ಲಷ್ಟೇ ಆದಾಯ ತೆರಿಗೆಯಲ್ಲಿ ಆ ಖರ್ಚು ಸಿಗುತ್ತದೆ.

ಡಿಸ್ಕೌಂಟು, ಚಿಲ್ಲರೆ

ಬೇಗ ದುಡ್ಡು ಕೊಟ್ಟಿದ್ದಕ್ಕೆ ಪಾರ್ಟಿ 500 ಬಿಟ್ಟರು, ಆದರೆ ಕ್ರೆಡಿಟ್ ನೋಟಿನಲ್ಲಿ ಜಿಎಸ್‌ಟಿ ತೋರಿಸಿಲ್ಲ ಅಂದರೆ ನೀವೂ ತೆರಿಗೆ ಮುಟ್ಟಬೇಡಿ. ಜರ್ನಲ್‌ನಲ್ಲಿ ಪಾರ್ಟಿ ಡೆಬಿಟ್, ‘ಡಿಸ್ಕೌಂಟ್ ರಿಸೀವ್ಡ್’ ಕ್ರೆಡಿಟ್, ಬಿಲ್ಲಿಗೆ ‘ಅಗೇನ್ಸ್ಟ್ ರೆಫ್’. ಪೈಸೆ ವ್ಯತ್ಯಾಸಕ್ಕೆ ರೌಂಡ್ ಆಫ್ ಲೆಡ್ಜರ್ ಸಾಕು.

ಜೋಹೋ ಬುಕ್ಸ್ ಬಳಸುವವರಿಗೆ ಇದೇ ಕೆಲಸಕ್ಕೆ ‘ವೆಂಡರ್ ಕ್ರೆಡಿಟ್ಸ್’ ಮಾಡಿ ‘ಅಪ್ಲೈ ಟು ಬಿಲ್ಸ್’ ಒತ್ತುವ ದಾರಿ ಇದೆ. ವ್ಯಾಪಾರ್ ಆ್ಯಪ್‌ನಲ್ಲಿ ‘ಪರ್ಚೇಸ್ ರಿಟರ್ನ್’ ಹಾಕಿ ‘ಲಿಂಕ್ ಪೇಮೆಂಟ್’ ಮಾಡಬೇಕು. ಜೋಡಿಸುವ ಹೆಜ್ಜೆ ಎಲ್ಲದರಲ್ಲೂ ಬೇರೆಯಾಗಿಯೇ ಇರುತ್ತದೆ, ಅದನ್ನು ಬಿಡಬೇಡಿ.

ಕೊನೆಗೆ ತಾಳೆ

ಆಲ್ಟ್+ಜಿ ಒತ್ತಿ ‘ಲೆಡ್ಜರ್ ಔಟ್‌ಸ್ಟ್ಯಾಂಡಿಂಗ್ಸ್’ ಅಂತ ಟೈಪ್ ಮಾಡಿ ಪಾರ್ಟಿ ಹೆಸರು ಕೊಡಿ. ನಮ್ಮ ಬಿಲ್ಲಿನ ಎದುರಿಗೆ 33,660 ಮಾತ್ರ ಇರಬೇಕು. ಕೆಳಗೆ ‘ಆನ್ ಅಕೌಂಟ್’ ಸಾಲಿನಲ್ಲಿ ಏನೂ ಇರಬಾರದು. ಸರಿ ಇದ್ದರೆ ಅದೇ ಪಟ್ಟಿಯನ್ನು ಪಿಡಿಎಫ್ ಮಾಡಿ ಪಾರ್ಟಿಗೆ ವಾಟ್ಸಾಪ್ ಕಳಿಸಿ, ಅವರ ಲೆಡ್ಜರ್ ಕೇಳಿ. ಮಾರ್ಚ್‌ಗೆ ಕಾಯಬೇಡಿ, ತಿಂಗಳಿಗೊಮ್ಮೆ ಮಾಡಿ. ಅವರ ಬಾಕಿ 37,200 ಅಂತ ಬಂದರೆ ಕ್ರೆಡಿಟ್ ನೋಟ್ ಇನ್ನೂ ಹಾಕಿಲ್ಲ ಅಂತ ಅರ್ಥ. 43,660 ಬಂದರೆ ಅವರು ನಿಮ್ಮ ಅಡ್ವಾನ್ಸ್ ಜಮಾ ಮಾಡಿಲ್ಲ. ಉಳಿದ ದುಡ್ಡು ಕಳಿಸುವ ಮೊದಲೇ ಇದನ್ನು ಕೇಳಿ ಸರಿಮಾಡಿಸಿಕೊಳ್ಳಿ.