ಪೋಲೆಂಡಿನ ಅಡ್ಡಹೆಸರು ಬಿಡಿಸಿ ನೋಡೋದು ಹೇಗೆ?

ನಮ್ಮ ಕೊಪ್ಪಳದ ಕಡೆ ಮದುವೆ ಕಾರ್ಡಿನಲ್ಲಿ ಕಮ್ಮಾರ, ಹೊಸಮನಿ, ಕುಷ್ಟಗಿ ಅಂತ ಅಡ್ಡಹೆಸರು ಓದಿದ ಕೂಡಲೇ ಅದರ ಹಿಂದಿನ ಕಸುಬೋ ಮನೆಯೋ ಊರೋ ಗೊತ್ತಾಗುತ್ತದೆ, ಅಲ್ವಾ? ಪೋಲೆಂಡಿನ ಹೆಸರನ್ನೂ ಹಾಗೇ ಬಿಡಿಸಬಹುದು.

ಮೊದಲು ಕೊನೆ ನೋಡಿ. ‘ಸ್ಕಿ’ ಇದ್ದರೆ ಅದನ್ನು ತೆಗೆದಿಟ್ಟು ಉಳಿದದ್ದರ ಅರ್ಥ ಹುಡುಕಿ. ಕೊವಾಲ್ಸ್ಕಿಯಲ್ಲಿ ಉಳಿಯೋದು ‘ಕೊವಾಲ್’, ಅಂದರೆ ಕಮ್ಮಾರ. ಅದೇ ಮನೆಯ ಹೆಣ್ಣುಮಗಳ ಹೆಸರು ಕೊವಾಲ್ಸ್ಕಾ ಆಗುತ್ತದೆ, ಸುಮ್ನೆ ಬೇರೆ ಮನೆತನ ಅಂದುಕೊಳ್ಳಬೇಡಿ. ‘ಸ್ಕಿ’ ಎಷ್ಟೋ ಸಲ ಊರಿನ ಹೆಸರಿಗೂ ಅಂಟಿರುತ್ತದೆ, ಹಾಗಾಗಿ ನಕಾಶೆಯಲ್ಲೂ ಹುಡುಕಿ.

ಅಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಹೆಸರು ನೊವಾಕ್. ಸುಮಾರು 2 ಲಕ್ಷ ಜನರಿಗಿದೆ. ಅರ್ಥ ಹೊಸಬ, ಊರಿಗೆ ಹೊಸದಾಗಿ ಬಂದವನು. ನಮ್ಮ ಹೊಸಮನಿ ನೆನಪಾಗದೆ ಇರುತ್ತದಾ! ಇದು ಹೆಣ್ಣು ಗಂಡು ಇಬ್ಬರಿಗೂ ಒಂದೇ.